ಕೆಮ್ಮಣ್ಣುಗುಂಡಿಯಲ್ಲಿ ಹುಟ್ಟಿದ ಕಾಕ

ಉಮ್ರಾಕ್ಕೆ ಹೋಗಬೇಕು, ಪಾಸ್‌ಪೋರ್ಟ್ ಮಾಡಿಸಬೇಕು ಅಂತ ಕಾಕ ಹೊರಟಾಗ ಈ ಕತೆ ಶುರುವಾಯಿತು. ಕಾಕ ಅಂದರೆ ನಮ್ಮ ಉಮ್ಮನ ದೊಡ್ಡಪ್ಪನ ಮಗ. ಉಮ್ಮ ಕಾಕ ಅಂತ ಕರೆಯುತ್ತಾರೆ, ಹಾಗಾಗಿ ನಾವೂ ಕಾಕ, ನಮ್ಮ ಮಕ್ಕಳೂ ಕಾಕ. ಭದ್ರಾವತಿಯ ಜನ್ನಾಪುರದಲ್ಲಿ ಮನೆ. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ವಯಸ್ಸು 78.

ಅರ್ಜಿ ತುಂಬಿಸಲು ಆನ್‌ಲೈನ್ ಅಂಗಡಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಹುಟ್ಟಿದ ಊರು ಅನ್ನುವ ಜಾಗ ಬಂದಾಗ ಕಾಕ ಗಂಟಲು ಸರಿ ಮಾಡಿಕೊಂಡು, "ಕೆಮ್ಮಣ್ಣುಗುಂಡಿ" ಅಂದರು. ಕಂಪ್ಯೂಟರ್ ಮುಂದಿದ್ದ ಹುಡುಗ ತಲೆ ಎತ್ತಿ, "ಅದು ಟೂರಿಸ್ಟ್ ಜಾಗ ಅಲ್ವಾ ಅಜ್ಜಾ? ಅಲ್ಲಿ ಯಾರು ಹುಟ್ತಾರೆ?" ಅಂತ ನಕ್ಕ. ಶಾಲೆಯ ದಾಖಲೆ ನೋಡಿದರೆ ಅದರಲ್ಲಿ ಭದ್ರಾವತಿ ಅಂತ ಇತ್ತು. ಎರಡೂ ಒಂದೇ ಇರಬೇಕು, ಇಲ್ಲದಿದ್ದರೆ ತಕರಾರು ಬರುತ್ತದೆ ಅಂತ ಹುಡುಗ ಹೇಳಿದ. ಕಾಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಭದ್ರಾವತಿ ಅಂತಲೇ ಹಾಕು" ಅಂದರು.

ಬೈಕಿನಲ್ಲಿ ವಾಪಸ್ ಬರುವಾಗ ಹಿಂದಿನಿಂದ ಅವರ ಮಾತು: "ಮೋನೆ, ಒಂದ್ಸಲ ನನ್ನನ್ನ ಗುಡ್ಡಕ್ಕೆ ಕರ್ಕೊಂಡು ಹೋಗ್ತೀಯಾ? ಹೂವಿನ ತೋಟ ನೋಡ್ಲಿಕ್ಕಲ್ಲ. ನಮ್ಮ ಮನೆ ಇದ್ದದ್ದು ಎಲ್ಲಿ ಅಂತ ನೋಡ್ಬೇಕು."

ಶಿವಮೊಗ್ಗ, ಭದ್ರಾವತಿಯ ಹೆಚ್ಚಿನ ಮನೆಗಳಲ್ಲಿ ಕೆಮ್ಮಣ್ಣುಗುಂಡಿ ಅಂದರೆ ಶಾಲೆಯ ಪ್ರವಾಸದ ಫೋಟೋ. ಗುಲಾಬಿ ತೋಟ, ರಾಕ್ ಗಾರ್ಡನ್, ಜ಼ೆಡ್ ಪಾಯಿಂಟ್, ದಾರಿಯಲ್ಲಿ ಕಲ್ಲತ್ತಿಗಿರಿ ಅಬ್ಬಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ತಂಗುತ್ತಿದ್ದ ಜಾಗ ಅಂತ ಎಲ್ಲರಿಗೂ ಗೊತ್ತು, ಅವರ ಹೆಸರಿನಲ್ಲೇ ಅದನ್ನು ಕೆ.ಆರ್. ಗಿರಿಧಾಮ ಅಂತಲೂ ಕರೆಯುತ್ತಾರೆ. ಈಗ ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಆದರೆ ಹೆಸರನ್ನೇ ಬಿಡಿಸಿ ನೋಡಿ: ಕೆಂಪು ಮಣ್ಣಿನ ಗುಂಡಿ. ಗುಂಡಿ ತೋಡಿದವರು ಇದ್ದರು ತಾನೆ? ಅವರು ಎಲ್ಲೋ ಮಲಗಿದ್ದರು, ಗಂಜಿ ಬೇಯಿಸಿಕೊಂಡಿದ್ದರು, ಮಕ್ಕಳನ್ನು ಹೆತ್ತಿದ್ದರು. ಆ ಕತೆ ಹೇಳುವ ಬೋರ್ಡು ಮಾತ್ರ ನನ್ನ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.

ಭದ್ರಾವತಿಗೆ ಆಗ ಬೆಂಕಿಪುರ ಅಂತ ಹೆಸರು. 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಮೈಸೂರು ಸರ್ಕಾರ ಹೊರಟಾಗ ಲೆಕ್ಕ ಸರಳವಾಗಿತ್ತು. ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ, ಸುಣ್ಣದ ಕಲ್ಲು ಹತ್ತಿರದ ಭಂಡಿಗುಡ್ಡದಲ್ಲಿ, ನೀರು ಭದ್ರಾ ಹೊಳೆಯಲ್ಲಿ, ಒಲೆಗೆ ಬೇಕಾದ ಇದ್ದಿಲು ಸುತ್ತಲಿನ ಮಲೆನಾಡಿನ ಕಾಡಿನಲ್ಲಿ. ಕಲ್ಲಿದ್ದಲು ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಮರ ಸುಟ್ಟು ಮಾಡಿದ ಇದ್ದಿಲಿನಲ್ಲೇ ಕಬ್ಬಿಣ ಕರಗಿಸಿದರು. 1923ರಲ್ಲಿ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮಂಡಳಿಯ ಅಧ್ಯಕ್ಷರಾಗಿ ಕೈಗೆತ್ತಿಕೊಂಡು ನಷ್ಟದ ಕಾರ್ಖಾನೆಯನ್ನು ದಡ ಸೇರಿಸಿದ್ದು ಆಮೇಲಿನ ವರ್ಷಗಳಲ್ಲಿ. 1936ರ ಹೊತ್ತಿಗೆ ಉಕ್ಕೂ ಬಂತು.

ಗುಡ್ಡದ ಅದಿರು ಊರಿಗೆ ಬರುತ್ತಿದ್ದದ್ದು ಹೇಗೆ ಅನ್ನುವುದು ಕಾಕನ ಇಷ್ಟದ ವಿಷಯ. ಲಾರಿ ಇಲ್ಲ, ಈಗಿನ ಹಾಗೆ ರಸ್ತೆ ಇಲ್ಲ. ಕೆಮ್ಮಣ್ಣುಗುಂಡಿಯಿಂದ ಕೆಳಗಿನ ತಣಿಗೆಬೈಲಿಗೆ ರೋಪ್‌ವೇ ಕಟ್ಟಿದ್ದರು. ಕಂಬದಿಂದ ಕಂಬಕ್ಕೆ ಉಕ್ಕಿನ ಹಗ್ಗ, ಹಗ್ಗಕ್ಕೆ ನೇತಾಡುವ ಕಬ್ಬಿಣದ ತೊಟ್ಟಿಗಳು. ತುಂಬಿದ್ದು ಕಣಿವೆಯ ಮೇಲೆ ತೇಲುತ್ತಾ ಇಳಿಯುತ್ತದೆ, ಖಾಲಿಯಾದದ್ದು ಪಕ್ಕದ ಹಗ್ಗದಲ್ಲಿ ಹತ್ತುತ್ತದೆ. ತಣಿಗೆಬೈಲಿನಲ್ಲಿ ಸಣ್ಣ ಹಳಿಯ ಟ್ರಾಮ್ ಕಾಯುತ್ತಿರುತ್ತದೆ, ಅಲ್ಲಿಂದ ಅದಿರು ಭದ್ರಾವತಿಗೆ. ಕಾಕನ ಉಪ್ಪ ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಮೊದಲು ಕಾಫಿ ತೋಟದ ಕೆಲಸಕ್ಕೆ ಬಂದವರು, ಯಾರದೋ ಮಾತು ಕೇಳಿ ಗಣಿಗೆ ಸೇರಿಕೊಂಡರು. ತೊಟ್ಟಿ ತುಂಬುವ ಕೆಲಸ.

"ಖಾಲಿ ತೊಟ್ಟಿಯಲ್ಲಿ ಒಮ್ಮೊಮ್ಮೆ ಅಕ್ಕಿ ಮೂಟೆ ಬರ್ತಿತ್ತು. ಒಮ್ಮೆ ಒಣ ಮೀನೂ ಬಂದಿತ್ತು" ಅಂತಾರೆ ಕಾಕ. ಮೀನಿನ ಮಾತು ನಾನು ನಂಬಿಲ್ಲ. ಆದರೆ ಪ್ರತಿ ಸಲ ಹೇಳುವಾಗಲೂ ಅವರು ಮೂಗು ಅರಳಿಸುವುದನ್ನು ನೋಡಿದರೆ ಸುಳ್ಳು ಅನ್ನಲೂ ಮನಸ್ಸು ಬರುವುದಿಲ್ಲ.

ಜನವರಿಯ ಒಂದು ಭಾನುವಾರ ಸುಬಹಿ ನಮಾಜ್ ಮುಗಿಸಿ ಶಿವಮೊಗ್ಗದಿಂದ ಹೊರಟೆವು. ನಾನು, ನನ್ನ ಮಗ, ಕಾರು ಓಡಿಸಲು ಗೆಳೆಯ ಒಬ್ಬ. ಅಮೀರ್ ಅಹ್ಮದ್ ವೃತ್ತ ದಾಟಿ ಬಿ.ಎಚ್. ರಸ್ತೆ ಹಿಡಿದರೆ ಭದ್ರಾವತಿಗೆ ಅರ್ಧ ಗಂಟೆ. ಕಾಕ ಬಾಗಿಲಲ್ಲೇ ತಯಾರಾಗಿ ನಿಂತಿದ್ದರು. ಕೈಯಲ್ಲಿ ಊರುಗೋಲು, ಹೆಗಲಲ್ಲಿ ಪತ್ತಿರ್ ಮತ್ತು ಕೋಳಿ ಸಾರಿನ ಬುತ್ತಿ. ಮಾಮಿ ಒಳಗಿನಿಂದಲೇ ಕೂಗಿದರು: "ಅವರನ್ನ ಜಾಸ್ತಿ ನಡೆಸ್ಬೇಡಿ ಮಕ್ಕಳೇ, ಮಂಡಿ ನೋವು ಉಂಟು."

ನ್ಯೂಟೌನ್ ದಾಟುವಾಗ ಕಾಕ ಕಾರು ನಿಧಾನ ಮಾಡಲು ಹೇಳಿದರು. ಕ್ವಾರ್ಟರ್ಸ್ ಸಾಲಿನಲ್ಲಿ ಬೀಗ ಬಿದ್ದ ಮನೆಗಳು, ಹೆಂಚು ಜಾರಿದ ಮಾಡು, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ. ಒಂದೊಂದು ಮನೆಯನ್ನೂ ತೋರಿಸಿ ಇದು ಇಂಥವರದ್ದು, ಅದು ಅಂಥವರದ್ದು ಅಂದರು. ತಮಿಳರು, ತೆಲುಗರು, ಮಲಯಾಳಿಗಳು, ನಮ್ಮ ಬ್ಯಾರಿಗಳು, ಉರ್ದು ಮಾತಾಡುವವರು ಎಲ್ಲರೂ ಒಂದೇ ಸೈರನ್ನಿಗೆ ಎದ್ದು ಒಂದೇ ಸೈರನ್ನಿಗೆ ಉಣ್ಣುತ್ತಿದ್ದ ಊರು ಅದು. ಈ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಮರುವರ್ಷ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ಹೋದ ಮೇಲೆ ಪುನಶ್ಚೇತನದ ಆಸೆ ಮತ್ತೆ ಚಿಗುರಿದೆ. ಕಾರ್ಖಾನೆಗೆ ಸ್ವಂತ ಅದಿರಿನ ಗಣಿ ಇಲ್ಲ ಅನ್ನುವುದು ಅದರ ಕಷ್ಟಗಳಲ್ಲಿ ದೊಡ್ಡದು. ಗುಡ್ಡದ ಗಣಿ ನಿಂತ ಮೇಲೆ ಊರಿನ ಒಲೆಗೆ ಅದಿರು ದೂರದಿಂದ ಬರಬೇಕಾಯಿತು. ಕಾಗದನಗರದ ಪೇಪರ್ ಮಿಲ್ಲಿನಲ್ಲಿ ಯಂತ್ರ ನಿಂತದ್ದು ಅದಕ್ಕೂ ಮೊದಲೇ, ಹತ್ತು ವರ್ಷದ ಹಿಂದೆ.

ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಪುರ. ಅಲ್ಲಿಂದ ತಿರುವು ರಸ್ತೆ ಹತ್ತಿದರೆ ತಂಪು ಗಾಳಿ. ಗಿರಿಧಾಮ ಸಮುದ್ರ ಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಆಗಲೇ ಬೆಂಗಳೂರಿನ ಕಾರುಗಳು ತುಂಬಿದ್ದವು. ಹಳೆಯ ಗಣಿ ಕಡೆ ಹೋಗುವುದಾದರೆ ಕೇಳಿಕೊಂಡೇ ಹೋಗಬೇಕು, ಸುಮ್ಮನೆ ನುಗ್ಗುವ ಹಾಗಿಲ್ಲ. ಕಾಡು ಹತ್ತಿರ, ಪ್ರಾಣಿಗಳೂ ಇವೆ. ನಾವು ಅಲ್ಲಿನ ಹಿರಿಯ ಕೆಲಸಗಾರರೊಬ್ಬರಲ್ಲಿ ವಿಷಯ ಹೇಳಿದೆವು. ಅವರು ಕಾಕನ ಮುಖ ನೋಡಿ, "ಗಣಿ ಲೈನಿನವರಾ ನೀವು?" ಅಂದರು. ಅಷ್ಟು ಸಾಕಾಯಿತು. ಜೊತೆಗೇ ಬಂದರು.

ದಾರಿ ಕಷ್ಟದ್ದೇನೂ ಅಲ್ಲ. ಹಳೆಯ ಗಣಿ ರಸ್ತೆ, ಈಗ ಹುಲ್ಲು ಮುಚ್ಚಿದ ಕಾಲುದಾರಿ. ಮಳೆಗಾಲದಲ್ಲಾದರೆ ಇಂಬಳ ಹತ್ತುತ್ತದೆ, ಹಾಗಾಗಿ ಹೋಗುವವರು ನವೆಂಬರ್ ಕಳೆದ ಮೇಲೆ ಹೋಗುವುದು ಒಳ್ಳೆಯದು. ಮಣ್ಣು ನಿಜಕ್ಕೂ ಕೆಂಪು. ಮಗನ ಬಿಳಿ ಬೂಟು ಹತ್ತು ನಿಮಿಷದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅವನು ಒಂದು ಕರಿಗೆಂಪು ಕಲ್ಲು ಎತ್ತಿ, "ಇಷ್ಟು ಚಿಕ್ಕದು, ಇಷ್ಟು ಭಾರ!" ಅಂದ. "ಅದೇ ಮೋನೆ ಅದಿರು. ನಿನ್ನ ಮುತ್ತಜ್ಜ ದಿನಕ್ಕೆ ಎಷ್ಟು ಎತ್ತಿದ್ರೋ ಅಲ್ಲಾಹನಿಗೇ ಗೊತ್ತು" ಅಂದರು ಕಾಕ. ಸಂಬಂಧದ ಲೆಕ್ಕದಲ್ಲಿ ಅವರು ಮುತ್ತಜ್ಜನ ಅಣ್ಣ. ಯಾರೂ ತಿದ್ದಲಿಲ್ಲ.

ಮುಕ್ಕಾಲು ಗಂಟೆ ನಡೆದು, ಐದಾರು ಸಲ ಕೂತು ಎದ್ದ ಮೇಲೆ ಗುಡ್ಡದ ಬದಿಯಲ್ಲಿ ಮೆಟ್ಟಿಲು ಕಡಿದ ಹಾಗೆ ಸಮತಟ್ಟಾದ ಜಾಗಗಳು ಕಂಡವು. ದೂರದಿಂದ ನೋಡಿದರೆ ಗದ್ದೆ ಅನ್ನಿಸುತ್ತದೆ. ಹತ್ತಿರ ಹೋದರೆ ಲಂಟಾನ ಪೊದೆಯೊಳಗೆ ಪಾಯದ ಕಲ್ಲುಗಳು, ಮೊಣಕಾಲೆತ್ತರದ ಗೋಡೆ, ಎರಡು ತುಂಡಾದ ಒರಳು. ಸ್ವಲ್ಪ ಕೆಳಗೆ ಕಾಂಕ್ರೀಟಿನ ಒಂದು ದಪ್ಪ ದಿಮ್ಮಿ, ಮೇಲೆ ತುಕ್ಕು ಹಿಡಿದ ನಾಲ್ಕು ಬೋಲ್ಟು. ಕಾಕ ಅದನ್ನು ಕೈಯಲ್ಲಿ ತಡವಿದರು. ಫಿಟ್ಟರ್ ಕೈ ಅದು, ಬೋಲ್ಟಿನ ಅಳತೆ ಬೆರಳಲ್ಲೇ ಹೇಳಿದರು. ರೋಪ್‌ವೇ ಕಂಬದ ಪಾಯ ಇರಬೇಕು ಅಂದರು. ರೇಖೆಯಲ್ಲಿ ಕೆಳಗೆ ನೋಡಿದರೆ ಕಾಡು, ಅದರಾಚೆ ಬಯಲು, ಮಂಜು.

ಮನೆ ಯಾವುದು? ಅದೇ ಕಷ್ಟವಾಯಿತು. ಕಾಕ ಗುಡ್ಡ ಬಿಟ್ಟದ್ದು ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಉಪ್ಪನಿಗೆ ಕಾರ್ಖಾನೆಗೇ ವರ್ಗವಾದಾಗ. ನೆನಪಿನಲ್ಲಿ ಇದ್ದ ಗುರುತು ಎರಡು. ಒಂದು, ಹಿತ್ತಲಲ್ಲಿ ಸೀಬೆ ಮರ. ಇನ್ನೊಂದು, ಬಾಗಿಲಲ್ಲಿ ಕೂತರೆ ರಾತ್ರಿ ದೂರದ ಬಯಲಲ್ಲಿ ಒಂದು ಕೆಂಪು ಬೆಳಕು. "ಅದು ಫರ್ನೇಸ್, ನಾನು ತುಂಬಿದ ಕಲ್ಲು ಅಲ್ಲಿ ಕರಗ್ತಾ ಉಂಟು ಅಂತ ಉಪ್ಪ ತೋರಿಸ್ತಿದ್ರು. ಅದು ಫರ್ನೇಸೋ, ಯಾರಾದ್ರೂ ಕಾಡಿಗೆ ಬೆಂಕಿ ಹಾಕಿದ್ದೋ ಈಗ ಯಾರಿಗೆ ಗೊತ್ತು." ಸೀಬೆ ಮರ ಎರಡು ಕಡೆ ಇತ್ತು. ಉತ್ತರದ ಬಯಲಿಗೆ ಮುಖ ಮಾಡಿದ ಪಾಯ ಒಂದೇ ಸಾಲಿನಲ್ಲಿ ನಾಲ್ಕು. ತುಂಬ ಹೊತ್ತು ಅತ್ತಿತ್ತ ನೋಡಿ, ಕೊನೆಗೆ ಒಂದನ್ನು ಆರಿಸಿ, ಊರುಗೋಲಿನಲ್ಲಿ ಹುಲ್ಲು ಸರಿಸಿ, ಹೊಸ್ತಿಲು ಇರಬಹುದಾದ ಕಲ್ಲಿನ ಮೇಲೆ ಕೂತರು. "ಇದೇ" ಅಂದರು.

ಅಲ್ಲೇ ಬುತ್ತಿ ಬಿಚ್ಚಿದೆವು. ಆ ಕೆಲಸಗಾರರಿಗೂ ಬಡಿಸಿದೆವು. ಅವರ ಅಮ್ಮನೂ ಗಣಿಯಲ್ಲಿ ಕಲ್ಲು ಹೊತ್ತವರಂತೆ.

ಊಟದ ನಡುವೆ ಗೆಳೆಯ ಕುದುರೆಮುಖದ ಮಾತು ತೆಗೆದ. ಕರಾವಳಿಯ ಓದುಗರಿಗೆ ಅದು ಹೆಚ್ಚು ಪರಿಚಿತ. 1976ರಲ್ಲಿ ಕಂಪನಿ ಹುಟ್ಟಿ, ಗುಡ್ಡದ ಮೇಲೆ ಶಾಲೆ, ಆಸ್ಪತ್ರೆ, ಸಾಲು ಮನೆಗಳ ಊರೇ ಎದ್ದಿತು. ಅದಿರಿನ ಕೆಸರು 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಪಣಂಬೂರು ಸೇರುತ್ತಿತ್ತು. ಭದ್ರಾ ಹೊಳೆ ಹುಟ್ಟುವುದೂ ಅದೇ ಗುಡ್ಡದಲ್ಲಿ, ಅದು ಹರಿದು ಬರುವುದು ನಮ್ಮ ಭದ್ರಾವತಿಗೆ. ಕಾಡು, ಹೊಳೆ ಉಳಿಯಬೇಕು ಅಂತ ಹೋರಾಟ ನಡೆದು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಜನ ಇಳಿದು ಹೋದರು, ಮನೆಗಳು ಖಾಲಿಯಾದವು. ಗಣಿ ನಿಂತದ್ದು ತಪ್ಪು ಅಂತ ನಾನು ಹೇಳಲಾರೆ. ಭದ್ರೆಯ ನೀರು ಕುಡಿದು ಬೆಳೆದವನು ನಾನು. ಆದರೆ ಕುದುರೆಮುಖ ಬಿಟ್ಟವರಿಗೆ ಹೋಗಿ ನೋಡಲು ಗೋಡೆಗಳಾದರೂ ಇವೆ. ಹೇಳಲು ಊರಿನ ಹೆಸರು ಇದೆ. ಕೆಮ್ಮಣ್ಣುಗುಂಡಿಯ ಲೈನ್ ಮನೆಗಳಿಗೆ ಅದೂ ಇಲ್ಲ, ಅವರ ಊರಿನ ಹೆಸರನ್ನು ಹೂವಿನ ತೋಟ ತೆಗೆದುಕೊಂಡಿತು.

ಇದೇ ಸಾಲಿಗೆ ಹೆಸರು ಕೊಟ್ಟ ಬಾಬಾಬುಡನ್ ಯಮನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನುವ ಕತೆ ಎಲ್ಲರ ಬಾಯಲ್ಲಿದೆ. ಬೀಜ ತಂದವರ ನೆನಪು ಉಳಿದ ಗುಡ್ಡದಲ್ಲಿ ಕಲ್ಲು ಹೊತ್ತವರದ್ದು ಒಂದು ಸಾಲಾದರೂ ಬರೆದಿಡಬೇಕು ಅಂತ ನನಗೆ ಅನ್ನಿಸುತ್ತದೆ. ಕಾರ್ಖಾನೆಯ ಹಳೆಯ ದಾಖಲೆಗಳಲ್ಲಿ ಗಣಿ ಲೈನಿನವರ ಹಾಜರಿ ಪುಸ್ತಕ ಇದ್ದರೆ ಅದನ್ನು ಗೆದ್ದಲು ತಿನ್ನುವ ಮೊದಲು ಯಾರಾದರೂ ತೆರೆಯಲಿ. ಗಣಿ ಲೈನಿನಲ್ಲಿ ಹುಟ್ಟಿದ, ಆಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಹತ್ತಿರ ಕೂತು ಬರೆದುಕೊಳ್ಳಿ. ಮೀನಿನ ಮಾತೂ ಸೇರಿಸಿ.

ಲುಹರ್ ನಮಾಜ್ ಕಾಕ ಆ ಪಾಯದ ಒಳಗೇ ಮಾಡಿದರು. ಮಗ ಕಲ್ಲನ್ನು ಜೇಬಿಗೆ ಹಾಕಿಕೊಳ್ಳಲು ಹೋದಾಗ, "ಇಡು ಅಲ್ಲೇ, ಅದು ಸರ್ಕಾರದ್ದು" ಅಂತ ಗದರಿದರು. ಏರುವಾಗ ಮಂಡಿ ನೋವು ಜೋರಾಯಿತು. ಕೆಲಸಗಾರರೂ ನಾನೂ ಎರಡು ಕಡೆ ಹೆಗಲು ಕೊಟ್ಟೆವು. ಕಾರು ಹತ್ತುವ ಹೊತ್ತಿಗೆ ನಾಲ್ಕು ಗಂಟೆ.

ತರೀಕೆರೆಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಕಾಕ ಗುಡ್ಡ ಇಳಿದಾಗಿನಿಂದ ಮಾತಾಡಿರಲಿಲ್ಲ. ಸುಸ್ತಾಗಿದೆ ಅಂದುಕೊಂಡಿದ್ದೆ. ಗ್ಲಾಸು ಕೆಳಗಿಟ್ಟು ಹೇಳಿದರು:

"ಮೋನೆ, ಅದು ನಮ್ಮ ಮನೆ ಅಲ್ಲ. ಈಗ ನೆನಪಾಯ್ತು, ನಮ್ಮ ಬಾಗಿಲ ಮುಂದೆ ಮೂರು ಮೆಟ್ಟಿಲು ಇತ್ತು. ಒಂದು ಸಾಲು ಕೆಳಗೆ ಇರ್ಬೇಕು."

ಪಾಸ್‌ಪೋರ್ಟ್ ಬಂದಿದೆ. ಉಮ್ರಾ ಮುಗಿಸಿ ಬಂದ ಮೇಲೆ, ಮಳೆ ಶುರುವಾಗುವ ಮೊದಲು ಇನ್ನೊಮ್ಮೆ ಹೋಗುವುದು ಅಂತ ನಿಗದಿಯಾಗಿದೆ. ಈ ಸಲ ಮಾಮಿಯೂ ಬರುತ್ತಾರಂತೆ. ಮನೆ ನೋಡಲು ಅಲ್ಲ, ಕಾಕನನ್ನು ಜಾಸ್ತಿ ನಡೆಸದ ಹಾಗೆ ನೋಡಿಕೊಳ್ಳಲು.