ಕಂಬದ ಮರೆಯ ಬೈಕು

ಮೈಸೂರಿನ ಯಾವುದೇ ಸರ್ಕಲ್ಲಿಗೆ ಕಾರಿನಲ್ಲಿ ಬನ್ನಿ. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕಲ್ಲ ಎಂದು ಕತ್ತು ಹೊರಳಿಸಿದರೆ ಮೊದಲು ಕಣ್ಣಿಗೆ ಬೀಳುವುದು ರಸ್ತೆಯಲ್ಲ, ಕಂಬ. ಮುಂದಿನ ಗಾಜಿಗೂ ಬಾಗಿಲಿನ ಗಾಜಿಗೂ ನಡುವೆ ಛಾವಣಿಯನ್ನು ಹೊತ್ತು ಓರೆಯಾಗಿ ಇಳಿದು ಬರುವ ಅದಕ್ಕೆ ಕಾರು ತಯಾರಕರ ಭಾಷೆಯಲ್ಲಿ ‘ಎ ಪಿಲ್ಲರ್’ ಎಂದು ಹೆಸರು. ಹೊಸ ಕಾರು ಕೊಂಡವರು ಮೊದಲ ವಾರ ಗೊಣಗುವುದು ಇದರ ಬಗ್ಗೆ. ಆಮೇಲೆ ಅಭ್ಯಾಸವಾಗುತ್ತದೆ. ಅಪಾಯ ಶುರುವಾಗುವುದು ಅಭ್ಯಾಸವಾದ ಮೇಲೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿದೆ. ಕಂಬ ಇದಕ್ಕಿಂತ ತೆಳ್ಳಗಿದ್ದರೆ ದೂರದಲ್ಲಿ ಎಡಗಣ್ಣಿಗೆ ಮರೆಯಾದದ್ದು ಬಲಗಣ್ಣಿಗೆ ಕಾಣುತ್ತದೆ, ಬಲಗಣ್ಣಿಗೆ ಮರೆಯಾದದ್ದು ಎಡಗಣ್ಣಿಗೆ. ಮಿದುಳು ಎರಡನ್ನೂ ಹೊಂದಿಸಿಕೊಂಡು ಕಂಬವೇ ಇಲ್ಲದಂತೆ ಮಾಡಿಬಿಡುತ್ತದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಿರಿಯರನ್ನು ಕೇಳಿ ನೋಡಿ, ಮುಂದಿನ ಕಂಬ ಅವರ ನೆನಪಿನಲ್ಲೇ ಇರುವುದಿಲ್ಲ. ಈಗಿನ ಕಾರಿನಲ್ಲಿ ಕಂಬದ ಜೊತೆಗೆ ಅದರ ಪ್ಲಾಸ್ಟಿಕ್ ಹೊದಿಕೆ, ಗಾಜಿನ ಸುತ್ತಲಿನ ಕಪ್ಪು ಪಟ್ಟಿ, ಬಾಗಿಲಿನ ಚೌಕಟ್ಟು ಎಲ್ಲ ಸೇರಿ 12 ಸೆಂಟಿಮೀಟರ್ ಆಯಿತು ಎಂದುಕೊಳ್ಳೋಣ. ಅದು ನಿಮ್ಮ ಮುಖದಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ, ಮೂವತ್ತು ಮೀಟರ್ ಆಚೆ ಸುಮಾರು 2.4 ಮೀಟರ್ ಅಗಲದ ರಸ್ತೆ ಎರಡು ಕಣ್ಣಿಗೂ ಕಾಣುವುದಿಲ್ಲ. ಅಡ್ಡಕ್ಕೆ ಹೋಗುತ್ತಿರುವ ಒಂದು ಬೈಕು, ಅದರ ಮೇಲಿನ ಇಬ್ಬರ ಸಮೇತ, ಅಷ್ಟರಲ್ಲಿ ಅಡಗಿಬಿಡುತ್ತದೆ.

ಇದಕ್ಕೆ ಕಾನೂನಿನ ಕಡಿವಾಣವಿಲ್ಲವೇ? ಇದೆ. ಯೂರೋಪ್ ಸೇರಿದಂತೆ ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 125ನೇ ವಾಹನ ನಿಯಮದ ಪ್ರಕಾರ ಒಂದೊಂದು ಕಂಬವೂ ಎರಡು ಕಣ್ಣಿಗೆ ಸೇರಿ ಮರೆಮಾಡುವ ಕೋನ 6 ಡಿಗ್ರಿ ಮೀರುವಂತಿಲ್ಲ. ಕಾಗದದ ಮೇಲೆ ಆರು ಡಿಗ್ರಿ ಅಲ್ಪವೆನಿಸುತ್ತದೆ. ಮೂವತ್ತು ಮೀಟರ್ ದೂರದಲ್ಲಿ ಅದು ಮೂರು ಮೀಟರಿಗೂ ಹೆಚ್ಚು. ಇಡೀ ಆಟೋರಿಕ್ಷಾ ಒಂದನ್ನು ಕಾನೂನುಬದ್ಧವಾಗಿಯೇ ಮಾಯ ಮಾಡಬಹುದು.

ಬೈಕು ಚಲಿಸುತ್ತಿರುತ್ತದಲ್ಲ, ಒಂದು ಕ್ಷಣದಲ್ಲಿ ಕಂಬದ ಮರೆಯಿಂದ ಆಚೆ ಬಂದೇ ಬರುತ್ತದೆ ಎನ್ನಬಹುದು. ಬರುವುದಿಲ್ಲ, ಅದೂ ಬರಲೇಬೇಕಾದ ಹೊತ್ತಿನಲ್ಲಿ. ಎರಡು ವಾಹನಗಳು ಬೇರೆ ಬೇರೆ ರಸ್ತೆಗಳಲ್ಲಿ ನೇರವಾಗಿ, ವೇಗ ಬದಲಿಸದೆ ಬಂದು ಕೂಡುರಸ್ತೆಯಲ್ಲಿ ಡಿಕ್ಕಿಯಾಗಲಿವೆ ಎಂದಾದರೆ, ಒಂದರಿಂದ ನೋಡಿದಾಗ ಇನ್ನೊಂದು ಇರುವ ದಿಕ್ಕು ಕೊನೆಯವರೆಗೂ ಬದಲಾಗುವುದೇ ಇಲ್ಲ. ದೂರ ಮಾತ್ರ ಕಡಿಮೆಯಾಗುತ್ತ ಬರುತ್ತದೆ. ಹಡಗಿನವರಿಗೆ ಇದು ಹಳೆಯ ಪಾಠ: ಎದುರಿನ ಹಡಗು ಒಂದೇ ದಿಕ್ಕಿನಲ್ಲಿ ಕದಲದೆ ನಿಂತಂತೆ ಕಂಡು ದೊಡ್ಡದಾಗುತ್ತಿದ್ದರೆ ಚುಕ್ಕಾಣಿ ತಿರುಗಿಸು. ಕಾರಿನಲ್ಲಿ ಆ ದಿಕ್ಕಿಗೆ ಕಂಬ ಬಂದುಬಿಟ್ಟರೆ, ಡಿಕ್ಕಿಯಾಗದೆ ಪಾರಾಗುವ ಬೈಕುಗಳೆಲ್ಲ ಕಾಣುತ್ತವೆ, ಡಿಕ್ಕಿಯಾಗಲಿರುವ ಬೈಕೊಂದೇ ಕಾಣುವುದಿಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಇಪ್ಲಿ ಕ್ರಾಸ್ ಎಂಬ ಜಾಗವಿದೆ. ಬಟಾಬಯಲು, ಮರವಿಲ್ಲ, ಮನೆಯಿಲ್ಲ, ಎರಡು ರಸ್ತೆ ಓರೆಯಾಗಿ ಕೂಡುತ್ತವೆ, ಅಷ್ಟೆ. ಅಲ್ಲಿ 2011ರಲ್ಲಿ ಒಬ್ಬ, 2016ರಲ್ಲಿ ಇನ್ನೊಬ್ಬ ಸೈಕಲ್ ಸವಾರ ಕಾರಿಗೆ ಸಿಕ್ಕಿ ಸತ್ತರು. ಇಂಥ ಬಯಲಿನಲ್ಲಿ ಇದು ಹೇಗಾಯಿತು ಎಂಬುದಕ್ಕೆ ವಿವರಣೆಯಾಗಿ ಮುಂದಿಟ್ಟದ್ದು ಇದೇ ರೇಖಾಗಣಿತವನ್ನು.

ಕಂಬ ದಪ್ಪವಾದದ್ದು ಯಾರ ದುರುದ್ದೇಶದಿಂದಲೂ ಅಲ್ಲ. ಕಾರು ಪಲ್ಟಿಯಾದರೆ ಛಾವಣಿ ಕುಸಿಯಬಾರದು. 2009ರಲ್ಲಿ ಅಮೆರಿಕ ಈ ನಿಯಮವನ್ನು ಬಿಗಿಗೊಳಿಸಿ, ಮೊದಲು ಕಾರಿನ ತೂಕದ ಒಂದೂವರೆ ಪಟ್ಟು ಭಾರ ತಡೆದರೆ ಸಾಕಿದ್ದ ಛಾವಣಿ ಮೂರು ಪಟ್ಟು ತಡೆಯಬೇಕು ಎಂದಿತು. ಪಕ್ಕದಲ್ಲಿ ಬಿಚ್ಚಿಕೊಳ್ಳುವ ಪರದೆಯಂಥ ಏರ್‌ಬ್ಯಾಗ್‌ಗೂ ಇಲ್ಲೇ ಜಾಗವಾಯಿತು. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಮುಂಗಾಜನ್ನು ಮಲಗಿಸಿದ್ದರಿಂದ ಕಂಬವೂ ಅದರ ಜೊತೆಗೆ ಮಲಗಿತು. ಓರೆಯಾದ ಕಂಬ ಅಡ್ಡಕ್ಕೆ ಇನ್ನಷ್ಟು ಜಾಗ ನುಂಗುತ್ತದೆ. ಪರಿಹಾರ ಇಲ್ಲವೆಂದೂ ಅಲ್ಲ. ತೆಳ್ಳಗಿದ್ದೂ ಗಟ್ಟಿಯಾದ ಉಕ್ಕು ಸಿಗುತ್ತದೆ. ಅದಕ್ಕೆ ದುಡ್ಡು ಹೆಚ್ಚು. 2001ರಲ್ಲಿ ವೋಲ್ವೋ ಒಂದು ಪ್ರಯೋಗದ ಕಾರಿನಲ್ಲಿ ಕಂಬವನ್ನು ಉಕ್ಕಿನ ಜಾಲರಿಯಂತೆ ಮಾಡಿ, ನಡುವೆ ಪಾರದರ್ಶಕ ಪ್ಲಾಸ್ಟಿಕ್ ತುಂಬಿ, ಕಂಬದೊಳಗಿಂದಲೇ ರಸ್ತೆ ಕಾಣುವಂತೆ ಮಾಡಿ ತೋರಿಸಿತ್ತು. ಆ ಕಂಬ ಮಾರಾಟದ ಕಾರುಗಳಿಗೆ ಬರಲಿಲ್ಲ.

ದಪ್ಪ ಕಂಬದ ಲಾಭ ಒಳಗೆ ಕೂತವರಿಗೆ, ನಷ್ಟ ಹೊರಗಿರುವವರಿಗೆ. ಸುರಕ್ಷತಾ ಪರೀಕ್ಷೆಯ ನಕ್ಷತ್ರ ಕೊಂಡವರ ಕಾರಿಗೆ ಸಿಗುತ್ತದೆ. ಮರೆಯಲ್ಲಿದ್ದ ಬೈಕಿನವನಿಗೆ ಯಾರೂ ನಕ್ಷತ್ರ ಕೊಡುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರ ಪೈಕಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅಷ್ಟೂ ಜನ ಕಂಬದಿಂದಾಗಿ ಸತ್ತರು ಎಂದಲ್ಲ. ಆದರೆ ಇಂಥ ದೇಶದಲ್ಲಿ ಕಾರಿನಿಂದ ಏನೇನು ಕಾಣುತ್ತದೆ ಎಂಬುದನ್ನೂ ಅಳೆದು ಅಂಕ ಕೊಡಬೇಕಿತ್ತು. ಅಳೆಯುವುದು ಸಾಧ್ಯ ಎಂದು ಅಮೆರಿಕದಲ್ಲಿ ತೋರಿಸಿದ್ದಾರೆ: 1997ರ ಹೋಂಡಾ ಸಿಆರ್-ವಿಯಲ್ಲಿ ಕೂತವರಿಗೆ ಕಾರಿನ ಮುಂದಿನ ಹತ್ತು ಮೀಟರ್ ವ್ಯಾಪ್ತಿಯ ನೆಲದಲ್ಲಿ ಶೇ 68ರಷ್ಟು ಕಾಣುತ್ತಿತ್ತು, 2022ರ ಅದೇ ಹೆಸರಿನ ಕಾರಿನಲ್ಲಿ ಕಾಣುವುದು ಶೇ 28. ಬಾನೆಟ್ ಎತ್ತರವಾಯಿತು, ಕನ್ನಡಿ ದೊಡ್ಡದಾಯಿತು, ಕಂಬ ದಪ್ಪವಾಯಿತು.

ಕಾರು ಮಾರಾಟವಾಗುವುದು ಹೊರಗೆ ನಿಂತು ನೋಡುವವರ ಕಣ್ಣಿಗೆ. ಜನರಲ್ ಮೋಟರ್ಸ್ 1927ರಲ್ಲಿ ಹಾರ್ಲಿ ಅರ್ಲ್ ಎಂಬಾತನ ಕೈಗೆ ಕಾರಿನ ರೂಪವನ್ನು ಒಪ್ಪಿಸಿ, ಅದಕ್ಕೆಂದೇ ಒಂದು ವಿಭಾಗ ತೆರೆದಾಗಿನಿಂದ ಈ ವ್ಯವಹಾರ ಹೀಗೇ ನಡೆದಿದೆ. ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಬಾಲ ನೋಡಿ ಮರುಳಾದ ಆತನ ತಂಡ 1948ರ ಕ್ಯಾಡಿಲಾಕ್‌ಗೆ ಪುಟ್ಟ ರೆಕ್ಕೆಗಳನ್ನು ಅಂಟಿಸಿತು. 1959ರ ಹೊತ್ತಿಗೆ ಅವು ಚೂಪಾಗಿ ಮುಗಿಲಿಗೆ ಏರಿದ್ದವು. ಕಾರು ಹಾರಲಿಲ್ಲ. 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕ ಅಮೆರಿಕದ ಕಾರುಗಳ ಜಾತಕ ಬಿಡಿಸಿಟ್ಟಾಗ, ಆ ರೆಕ್ಕೆಗಳ ಜೊತೆಗೆ ಡ್ಯಾಶ್‌ಬೋರ್ಡಿನ ಕ್ರೋಮ್ ಹೊಳಪು ಚಾಲಕರ ಕಣ್ಣು ಕುಕ್ಕುತ್ತದೆ ಎಂಬ ದೂರೂ ಅದರಲ್ಲಿತ್ತು. ಕ್ರೋಮ್ ಹೋಯಿತು. ಈಗ ಅದೇ ಜಾಗದಲ್ಲಿ ‘ಪಿಯಾನೋ ಬ್ಲ್ಯಾಕ್’ ಎಂಬ ನುಣುಪಾದ ಕಪ್ಪು ಪ್ಲಾಸ್ಟಿಕ್ ಬಂದು ಕೂತಿದೆ. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ನುಣುಪಾದದ್ದು ಒಂದೇ ದಿಕ್ಕಿಗೆ ಎಸೆಯುತ್ತದೆ. ಮಧ್ಯಾಹ್ನದ ಬಿಸಿಲು ಗೇರಿನ ಪಕ್ಕದಿಂದ ನೇರ ಕಣ್ಣಿಗೆ ಬರುವುದು ಹೀಗೆ. ಬೆರಳಚ್ಚು, ಧೂಳು, ಒರೆಸಿದ ಬಟ್ಟೆಯ ಗೀರು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ನಮ್ಮ ಊರಿನ ಧೂಳಿಗೆ ಇದಕ್ಕಿಂತ ಅಯೋಗ್ಯವಾದ ವಸ್ತುವನ್ನು ಹುಡುಕುವುದು ಕಷ್ಟ. ಶೋರೂಮಿನ ದೀಪದ ಕೆಳಗೆ ಮಾತ್ರ ಬಲು ಶ್ರೀಮಂತ.

ಇನ್ನು ಟಚ್‌ಸ್ಕ್ರೀನ್. ಎಸಿಯ ಫ್ಯಾನ್ ಒಂದು ಹಂತ ಇಳಿಸಲು ಮೊದಲು ಒಂದು ಗುಂಡಿ ತಿರುಗಿಸಿದರೆ ಆಗುತ್ತಿತ್ತು. ಕೈ ಎಲ್ಲಿದೆ ಎಂದು ನೋಡದೆಯೇ ತಿಳಿಯುವ ಶಕ್ತಿ ನಮ್ಮ ಸ್ನಾಯು, ಕೀಲುಗಳಿಗೆ ಇದೆ. ಬೆರಳಿಗೆ ಗುಂಡಿಯ ಅಂಚು ಸಿಗುತ್ತದೆ, ತಿರುಗಿಸಿದಾಗ ‘ಟಕ್’ ಎಂದು ಕೈಗೇ ಉತ್ತರ ಬರುತ್ತದೆ. ಚಪ್ಪಟೆ ಗಾಜಿನಲ್ಲಿ ಅಂಚೂ ಇಲ್ಲ, ಉತ್ತರವೂ ಇಲ್ಲ. ಎಲ್ಲಿ ಒತ್ತಬೇಕೆಂದು ಕಣ್ಣು ಹುಡುಕಬೇಕು, ಒತ್ತಿದ್ದು ಸರಿಯಾಯಿತೇ ಎಂದು ಮತ್ತೆ ಕಣ್ಣೇ ನೋಡಬೇಕು. ನಮ್ಮ ಕಣ್ಣು ಸ್ಪಷ್ಟವಾಗಿ ಓದಬಲ್ಲ ಭಾಗವೋ ಬಲು ಕಿರಿದು, ಎರಡು ಡಿಗ್ರಿಯಷ್ಟು. ಚಾಚಿದ ಕೈಯ ಹೆಬ್ಬೆರಳಿನ ಅಗಲ. ಪರದೆಯ ಮೇಲಿನ ಅಕ್ಷರ ಓದುವಾಗ ರಸ್ತೆಯ ಚಿತ್ರ ಮಸುಕು ಮಸುಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ತೆಗೆದರೆ 33 ಮೀಟರ್ ಕಳೆದಿರುತ್ತದೆ. ನಮ್ಮ ರಸ್ತೆಯ ಗುಂಡಿಗೆ ಇಳಿದಾಗ ಬೆರಳು ‘ಫ್ಯಾನ್’ ಬಿಟ್ಟು ‘ರೇಡಿಯೋ’ ಒತ್ತುವುದು ಬೇರೆ.

ಸ್ವೀಡನ್ನಿನ ವಾಹನ ಪತ್ರಿಕೆ ‘ವಿ ಬಿಲೇಗಾರೆ’ 2022ರಲ್ಲಿ ಇದನ್ನು ಅಳೆದು ನೋಡಿತು. ಹನ್ನೊಂದು ಹೊಸ ಕಾರುಗಳ ಜೊತೆಗೆ ಗುಂಡಿಗಳಿದ್ದ ಹದಿನೇಳು ವರ್ಷ ಹಳೆಯ ಒಂದು ವೋಲ್ವೋ ವಿ70. 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಸೀಟು ಬಿಸಿ ಮಾಡುವುದು, ರೇಡಿಯೋ ಹಚ್ಚುವುದು, ದೀಪ ಮಂದ ಮಾಡುವುದು ಇತ್ಯಾದಿ ನಾಲ್ಕು ಕೆಲಸ ಮುಗಿಸಬೇಕು. ಹಳೆಯ ವೋಲ್ವೋದಲ್ಲಿ ಹತ್ತು ಸೆಕೆಂಡ್, 306 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್ ಎಂಬ ವಿದ್ಯುತ್ ಕಾರಿನಲ್ಲಿ 44.9 ಸೆಕೆಂಡ್, 1,372 ಮೀಟರ್. ಒಂದೂ ಕಾಲು ಕಿಲೋಮೀಟರಿಗೂ ಹೆಚ್ಚು!

ತಯಾರಕರು ಪರದೆಯನ್ನು ಪ್ರೀತಿಸುವುದಕ್ಕೆ ಕಾರಣ ಗುಟ್ಟೇನಲ್ಲ. ಪ್ರತಿ ಗುಂಡಿಗೂ ಅಚ್ಚು ಬೇಕು, ತಂತಿ ಬೇಕು, ಜೋಡಿಸುವ ಕೈ ಬೇಕು, ವರ್ಷಗಟ್ಟಲೆ ಮೊದಲೇ ಅದರ ಜಾಗ ನಿರ್ಧಾರವಾಗಬೇಕು. ಒಂದು ಪರದೆ ಹಾಕಿದರೆ ಉಳಿದದ್ದು ಸಾಫ್ಟ್‌ವೇರಿನವರ ಪಾಡು. ಹಡಗಿನಲ್ಲೂ ಈ ಮೋಹ ಹಬ್ಬಿತ್ತು. 2017ರಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಸಿಂಗಪುರದ ಬಳಿ ತೈಲ ಹಡಗಿಗೆ ಗುದ್ದಿ ಹತ್ತು ನಾವಿಕರು ಸತ್ತರು. ತನಿಖೆಯಲ್ಲಿ ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲವೂ ಹೊರಬಿದ್ದು, ನೌಕಾಪಡೆ ಮತ್ತೆ ಕೈಯಲ್ಲಿ ಹಿಡಿಯುವ ಥ್ರಾಟಲ್‌ಗೆ ಮರಳಲು ತೀರ್ಮಾನಿಸಿತು. ಕಾರಿನವರೂ ಈಗ ಹಿಂದೆ ನೋಡುತ್ತಿದ್ದಾರೆ. ಇಂಡಿಕೇಟರ್, ಹಾರನ್, ವೈಪರ್, ನಾಲ್ಕೂ ದೀಪ ಮಿನುಗಿಸುವ ಹಜಾರ್ಡ್, ತುರ್ತು ಕರೆ ಇವುಗಳಿಗೆ ನಿಜವಾದ ಗುಂಡಿ ಇಲ್ಲದಿದ್ದರೆ ಐದು ನಕ್ಷತ್ರ ಪಡೆಯುವುದು ಕಷ್ಟ ಎನ್ನುವಂಥ ನಿಯಮವನ್ನು, ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಯೂರೋ ಎನ್‌ಸಿಎಪಿ 2026ರಿಂದ ತಂದಿದೆ. ತಮ್ಮ ಕಾರುಗಳಿಗೆ ಗುಂಡಿ ಮರಳುತ್ತದೆ ಎಂದು ಫೋಕ್ಸ್‌ವ್ಯಾಗನ್‌ನ ವಿನ್ಯಾಸ ಮುಖ್ಯಸ್ಥರು 2025ರಲ್ಲಿ ಸಾರಿದರು.

ಹಿಂದಿನ ಸೀಟಿನವರ ಕಷ್ಟ ಕೇಳುವವರು ಇನ್ನೂ ಕಡಿಮೆ. ಬಾಗಿಲಿನ ತಗಡು ಮೇಲೇರುತ್ತ, ಗಾಜು ಕಿರಿದಾಗುತ್ತ ಹಿಂದಕ್ಕೆ ಹೋಗುವ ಗೆರೆ ಹೊರಗಿನಿಂದ ಚಿರತೆಯ ಠೀವಿಯಂತೆ ಕಾಣುತ್ತದಂತೆ. ಒಳಗೆ ಕೂತ ಏಳು ವರ್ಷದ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಒಳಗಿವಿ ‘ಹೊರಳುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಏನೂ ಅಲುಗಾಡುತ್ತಿಲ್ಲ’ ಎನ್ನುತ್ತದೆ. ಈ ತಕರಾರಿನ ಫಲವೇ ವಾಂತಿ. ಮಗುವಿಗೆ ಹೊರಗಿನ ರಸ್ತೆ ಕಾಣುವಂತಿದ್ದರೆ ಅರ್ಧ ಕಷ್ಟ ಕಳೆಯುತ್ತದೆ.

ಹಿಂಬಾಗಿಲಿನ ಹಿಡಿಕೆಯನ್ನು ಕಿಟಕಿಯ ಪಕ್ಕದ ಕಂಬದಲ್ಲಿ ಬಚ್ಚಿಡುವುದು ಇನ್ನೊಂದು ಶೋಕಿ. ನಾಲ್ಕು ಬಾಗಿಲಿನ ಕಾರು ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನಂತೆ ಕಾಣಲಿ ಎಂಬುದು ಆಸೆ. 1997ರ ಆಲ್ಫಾ ರೋಮಿಯೋ 156 ಇದನ್ನು ಜನಪ್ರಿಯಗೊಳಿಸಿತು. 2018ರ ಮಾರುತಿ ಸ್ವಿಫ್ಟ್‌ನಲ್ಲೂ ಹಾಗೇ ಇತ್ತು. ಚಿಕ್ಕ ಮಕ್ಕಳ ಕೈಗೆ ಎಟುಕದು, ಹೊಸಬರು ಬಾಗಿಲನ್ನೆಲ್ಲ ತಡವುವರು. 2024ರ ಸ್ವಿಫ್ಟ್‌ನಲ್ಲಿ ಹಿಡಿಕೆ ಮರ್ಯಾದೆಯಾಗಿ ಬಾಗಿಲಿಗೇ ವಾಪಸಾಯಿತು. ಗಾಳಿ ಹೋಗದ ನಕಲಿ ಜಾಲರಿ, ಹೊಗೆ ಬಾರದ ನಕಲಿ ಸೈಲೆನ್ಸರ್ ಇವುಗಳಿಂದ ಯಾರಿಗೂ ನೋವಿಲ್ಲ. ನಕ್ಕು ಸುಮ್ಮನಾಗಬಹುದು.

ನಗಲಾಗದ್ದು ಹೆಡ್‌ಲೈಟ್. ಹುಬ್ಬು ತೀಡಿದಂಥ ತೆಳು ದೀಪ ಈಗಿನ ಫ್ಯಾಷನ್. ಎಲ್‌ಇಡಿ ಬಂದದ್ದರಿಂದ ಅದು ಸಾಧ್ಯವಾಯಿತು. ಅಷ್ಟೇ ಬೆಳಕು ದೊಡ್ಡ ಬಟ್ಟಲಿನ ಬದಲು ಕಿರಿದಾದ ಸೀಳಿನಿಂದ ಹೊರಟಾಗ ಆ ಸೀಳಿನ ಪ್ರಖರತೆ ಏರುತ್ತದೆ. ಎದುರಿನವರ ಕಣ್ಣಿಗೆ ಅದು ಹೆಚ್ಚು ಚುಚ್ಚುತ್ತದೆ. ಹಳೆಯ ಹ್ಯಾಲೊಜೆನ್ ಹಳದಿಗೆ ಹೋಲಿಸಿದರೆ ಇದರಲ್ಲಿ ನೀಲಿ ಅಂಶವೂ ಹೆಚ್ಚು, ಅದೂ ಕಣ್ಣಿಗೆ ಅಸಹನೆಯೇ. ವಯಸ್ಸಾದವರ ಕಣ್ಣಿನ ಮಸೂರ ಬೆಳಕನ್ನು ಒಳಗೇ ಚೆದುರಿಸುವುದರಿಂದ ಅವರಿಗೆ ರಸ್ತೆಯೇ ಬೆಳ್ಳಗಾಗಿಬಿಡುತ್ತದೆ. ಎಸ್‌ಯುವಿಗಳ ದೀಪವೋ ಎತ್ತರದಲ್ಲಿರುತ್ತದೆ.

ಆದರೂ ಎಲ್ಲ ತಪ್ಪನ್ನೂ ವಿನ್ಯಾಸಕಾರನ ತಲೆಗೆ ಕಟ್ಟುವಂತಿಲ್ಲ. ಡಿಮ್ ಹಾಕಿದಾಗ ಬೆಳಕು ಪ್ರತಿ ಹತ್ತು ಮೀಟರಿಗೆ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿಳಿಯುವಂತೆ ಇಟ್ಟಿರುತ್ತಾರೆ. ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಕಾರಿನ ಮೂತಿ ಒಂದೇ ಒಂದು ಡಿಗ್ರಿ ಮೇಲೆದ್ದರೆ ಆ ಇಳಿಜಾರೆಲ್ಲ ಅಳಿಸಿಹೋಗಿ ಡಿಮ್ ಲೈಟೇ ಎದುರಿನವರ ಮುಖಕ್ಕೆ ಬೀಳುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಇರುವ ಕಾರಿನಲ್ಲಿ ಒಂದು ಡಿಗ್ರಿ ಎಂದರೆ ಹಿಂಭಾಗ ನಾಲ್ಕೂವರೆ ಸೆಂಟಿಮೀಟರ್ ತಗ್ಗುವುದು, ಅಷ್ಟೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಊರಿಂದ ತಂದ ಅಕ್ಕಿಮೂಟೆ, ತೆಂಗಿನಕಾಯಿ ತುಂಬಿದರೆ ಅಷ್ಟು ತಗ್ಗುವುದು ದೊಡ್ಡ ಮಾತಲ್ಲ.

ಇದಕ್ಕೆಂದೇ ಕಾರಿನಲ್ಲಿ ಒಂದು ಪುಟ್ಟ ಚಕ್ರ ಇಟ್ಟಿರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಸ್ಟೀರಿಂಗಿನ ಬಲಕ್ಕೆ, ಮೊಣಕಾಲಿನ ಮೇಲ್ಗಡೆ; ಅದರ ಮೇಲೆ 0, 1, 2, 3 ಎಂದು ಬರೆದಿರುತ್ತದೆ. ಸಂಖ್ಯೆ ಏರಿದಂತೆ ಬೆಳಕು ಕೆಳಗಿಳಿಯುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಅದನ್ನಿಟ್ಟು ಯಾರಿಗೂ ಹೇಳದೆ ಬಿಟ್ಟದ್ದು ವಿನ್ಯಾಸದ ದೋಷವೇ ಸರಿ. ಹೊಸ ಕಾರು ನೋಡಲು ಹೋದಾಗ ಹೊರಗೆ ಸುತ್ತಿ ನೋಡಿದಷ್ಟೇ ಹೊತ್ತು ಒಳಗೂ ಕೂತು, ಬಲಗಡೆಯ ಕಂಬದಾಚೆ ಏನು ಕಾಣುತ್ತದೆ, ರಸ್ತೆಯಿಂದ ಕಣ್ಣು ತೆಗೆಯದೆ ಫ್ಯಾನ್ ಇಳಿಸಲಾಗುತ್ತದೆಯೇ ಎಂದು ನೋಡಿ. ಈಗಾಗಲೇ ಕಾರು ಇದ್ದವರು ಸರ್ಕಲ್ಲಿನಲ್ಲಿ ಒಮ್ಮೆ ಮುಂದಕ್ಕೆ ಬಾಗಿ, ಒಮ್ಮೆ ಹಿಂದಕ್ಕೆ ಸರಿದು ನೋಡಿದ ಮೇಲೆಯೇ ಬ್ರೇಕಿನಿಂದ ಕಾಲು ಎತ್ತಿ. ಇವತ್ತು ರಾತ್ರಿ ತುಂಬು ಕಾರಿನಲ್ಲಿ ಹೊರಡುವ ಮುಂಚೆ ಆ ಪುಟ್ಟ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿ.