ಬಿಡಿಭಾಗ ಬದಲಿಸಬಹುದಾದ ಕಂಪ್ಯೂಟರ್ ಅಂಗಡಿಯಲ್ಲೇಕಿಲ್ಲ?

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮಧ್ಯಮವರ್ಗದ ಮನೆಗಳಿಗೆ 2000ರ ಆಸುಪಾಸಿನಲ್ಲಿ ಬಂದ ಮೊದಲ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು 'ಅಸೆಂಬಲ್ಡ್' ಯಂತ್ರಗಳೇ ಆಗಿದ್ದವು. ಎಸ್.ಪಿ. ರಸ್ತೆಯಲ್ಲಿ ಮದರ್‌ಬೋರ್ಡ್, ಮೆಮೊರಿ, ಹಾರ್ಡ್‌ಡಿಸ್ಕ್‌ಗಳನ್ನು ಬೇರೆ ಬೇರೆಯಾಗಿ ಕೊಂಡು, ಪರಿಚಯದ ಹುಡುಗನೊಬ್ಬನಿಂದ ಜೋಡಿಸಿಕೊಂಡರೆ ಕೆಲಸ ಮುಗಿಯುತ್ತಿತ್ತು. ವಿದ್ಯುತ್ ಏರಿಳಿತಕ್ಕೆ ಎಸ್‌ಎಂಪಿಎಸ್ ಸುಟ್ಟರೆ ಅದೊಂದನ್ನೇ ಬದಲಿಸುವುದು. ವೇಗ ಸಾಲದಿದ್ದರೆ ಇನ್ನೊಂದು ಮೆಮೊರಿ ಪಟ್ಟಿ ಸಿಕ್ಕಿಸಿ ಮತ್ತೆರಡು ವರ್ಷ ನಡೆಸುವುದು. ಇಂದು 'ಮಾಡ್ಯುಲರ್' ಎಂಬ ಹೆಸರಿನಲ್ಲಿ ವಿದೇಶಿ ಕಂಪನಿಗಳು ಹೊಸ ಆವಿಷ್ಕಾರವೆಂಬಂತೆ ಮಾರುತ್ತಿರುವ ಗುಣ ಇದೇ.

ಮೇಜಿನ ಮೇಲಿನ ಯಂತ್ರದ ಜಾಗವನ್ನು ಲ್ಯಾಪ್‌ಟಾಪ್ ಆಕ್ರಮಿಸಿಕೊಂಡ ಮೇಲೆ ಈ ಅನುಕೂಲ ಕರಗುತ್ತ ಬಂದಿತು. ಈಗಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಚಿಪ್‌ಗಳನ್ನು ಬೋರ್ಡಿಗೇ ಬೆಸೆಯಲಾಗಿರುತ್ತದೆ. ಅದರಲ್ಲೊಂದು ಕೆಟ್ಟರೂ ಇಡೀ ಬೋರ್ಡನ್ನೇ ಬದಲಿಸಿ ಎಂಬ ಉತ್ತರ ಬರುವುದು ಸಾಮಾನ್ಯ. ಹಳೆಯ ಯಂತ್ರವಾದರೆ ಆ ವೆಚ್ಚ ಯಂತ್ರದ ಬೆಲೆಗೇ ಸಮೀಪಿಸುತ್ತದೆ. ಕೆಂಗೇರಿ ಆಸುಪಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಸೇರುವ ಮಗನಿಗೋ ಮಗಳಿಗೋ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸುವ ಕುಟುಂಬ ಅದು ನಾಲ್ಕು ವರ್ಷ ಬಾಳಲೆಂದು ಬಯಸುತ್ತದೆ. ಮೂರನೆಯ ವರ್ಷದ ಪ್ರಾಜೆಕ್ಟ್‌ಗೆ 8 ಜಿಬಿ ಮೆಮೊರಿ ಸಾಲದಾದಾಗ ಹೆಚ್ಚಿಸುವ ದಾರಿಯೇ ಇರುವುದಿಲ್ಲ.

ಬೆಸುಗೆಯ ಹಿಂದಿನ ಲೆಕ್ಕ

ಇದೆಲ್ಲ ಕಂಪನಿಗಳ ಹುನ್ನಾರವೆಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ಣ ಸತ್ಯವಲ್ಲ. ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಹಾದಿ ಗಿಡ್ಡವಾದಷ್ಟೂ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗ ಸಾಧ್ಯ. ಬೆಸೆದ ಮೆಮೊರಿಯಿಂದ ಯಂತ್ರ ತೆಳುವಾಗುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 2021ರಲ್ಲಿ ಬಿಡಿಭಾಗ ಬದಲಿಸಬಹುದಾದ ಲ್ಯಾಪ್‌ಟಾಪ್ ಮಾರಾಟಕ್ಕಿಳಿಸಿ ಹೆಸರಾದ ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯೂ 2025ರಲ್ಲಿ ಪ್ರಕಟಿಸಿದ ತನ್ನ ಪುಟ್ಟ ಡೆಸ್ಕ್‌ಟಾಪ್‌ನಲ್ಲಿ ಮೆಮೊರಿಯನ್ನು ಬೆಸೆಯಬೇಕಾಯಿತು. ಆಯ್ದುಕೊಂಡ ಎಎಂಡಿ ಪ್ರೊಸೆಸರ್ ಬಿಚ್ಚಬಹುದಾದ ಮೆಮೊರಿಯೊಂದಿಗೆ ಪೂರ್ಣ ವೇಗದಲ್ಲಿ ಕೆಲಸ ಮಾಡದು ಎಂಬುದೇ ಕಾರಣ. ಗೂಗಲ್ 2013ರಲ್ಲಿ ಬಹಿರಂಗವಾದ ತನ್ನ ಮಾಡ್ಯುಲರ್ ಫೋನ್ ಯೋಜನೆ 'ಆರಾ'ವನ್ನು 2016ರಲ್ಲಿ ಕೈಬಿಟ್ಟಿತು.

ತಂತ್ರಜ್ಞಾನದ ತೊಡಕಿಗೆ ಪರಿಹಾರ ಹುಟ್ಟುತ್ತಿದೆ. ಸ್ಕ್ರೂ ಬಿಚ್ಚಿ ಬದಲಿಸಬಹುದಾದ 'ಕ್ಯಾಮ್2' ಮೆಮೊರಿಗೆ 2023ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಮಾನದಂಡ ಬಂದಿತು. ಹೆಚ್ಚು ಕಾಡುವುದು ವ್ಯಾಪಾರದ ಲೆಕ್ಕ. ಬಿಚ್ಚುವ ಭಾಗಕ್ಕೆ ಕನೆಕ್ಟರ್ ಬೇಕು, ಸ್ಕ್ರೂ ಬೇಕು, ವರ್ಷಗಟ್ಟಲೆ ಬಿಡಿಭಾಗಗಳ ದಾಸ್ತಾನು ಬೇಕು. ಲಕ್ಷಗಟ್ಟಲೆ ಯಂತ್ರ ಮಾರುವ ಕಂಪನಿಗೆ ಈ ಖರ್ಚು ಹಂಚಿಹೋಗುತ್ತದೆ. ಆದರೆ ಅದಕ್ಕೆ ಹೊಸ ಯಂತ್ರ ಮಾರುವುದೇ ಲಾಭ. ಆಸಕ್ತಿಯಿರುವ ಚಿಕ್ಕ ಕಂಪನಿಗೆ ಈ ಖರ್ಚು ಭಾರ.

ಸಿಂಪ್ಯೂಟರ್ ಕಥೆ

ಈ ಸಂಕಟ ಬೆಂಗಳೂರಿಗೆ ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರು ಸೇರಿ ರೂಪಿಸಿದ ಅಂಗೈಯಗಲದ 'ಸಿಂಪ್ಯೂಟರ್'ನ ಮಾದರಿ 2001ರ ಏಪ್ರಿಲ್‌ನಲ್ಲಿ ಅನಾವರಣಗೊಂಡಿತು. ಇದು ಭಾಗ ಬದಲಿಸುವ ಯಂತ್ರವಲ್ಲದಿದ್ದರೂ ಒಂದೇ ಯಂತ್ರ ಹಲವರಿಗೆ ಬಾಳಬೇಕೆಂಬ ಆಲೋಚನೆ ಅದರಲ್ಲಿತ್ತು. ಹಳ್ಳಿಗೊಂದು ಸಿಂಪ್ಯೂಟರ್, ಪ್ರತಿಯೊಬ್ಬರ ಕೈಯಲ್ಲೂ ಸ್ವಂತ ಮಾಹಿತಿಯ ಸ್ಮಾರ್ಟ್‌ಕಾರ್ಡ್. ವಿನ್ಯಾಸವನ್ನೂ ಮುಕ್ತ ಪರವಾನಗಿಯಡಿ ಹಂಚಲಾಯಿತು. ಸುಮಾರು 9 ಸಾವಿರ ರೂಪಾಯಿಗೆ ಕೊಡುವ ಗುರಿಯಿತ್ತು. 2004ರ ಮಾರ್ಚ್‌ನಲ್ಲಿ ಪಿಕೋಪೆಟಾ ಮತ್ತು ಬಿಇಎಲ್ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ತಂದಾಗ ಬೆಲೆ ಆರಂಭವಾದದ್ದು 10 ಸಾವಿರದ ಆಸುಪಾಸಿನಿಂದ. ಬಣ್ಣದ ಪರದೆ ಬೇಕಾದವರು ಇನ್ನೂ ಹೆಚ್ಚು ತೆರಬೇಕಿತ್ತು. ಮಾರಾಟ ಕೆಲವು ಸಾವಿರಗಳಲ್ಲೇ ನಿಂತಿತು. ಮಾರಾಟ ಕಡಿಮೆಯಾದ್ದರಿಂದ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದ್ದರಿಂದ ಮಾರಾಟ ಏರಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನ್ ಎಲ್ಲರ ಜೇಬು ಸೇರಿತು.

ಕೆಟ್ಟ ಯಂತ್ರಗಳ ಗತಿ? ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲೊಂದು. ಅಲ್ಲಿ ತಾಮ್ರ, ಚಿನ್ನದಂತಹ ಲೋಹಗಳನ್ನು ಮರಳಿ ಪಡೆಯಬಹುದು. ಚಿಪ್ ತಯಾರಿಸಲು ವ್ಯಯವಾದ ವಿದ್ಯುತ್ತು, ನೀರು ಹಿಂದಿರುಗದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ತಯಾರಕರಿಗೆ ಗುರಿ ವಿಧಿಸಿರುವುದು ಮುಖ್ಯವಾಗಿ ಸಂಸ್ಕರಣೆಯ ಪ್ರಮಾಣಕ್ಕೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ದುರಸ್ತಿ ಹಕ್ಕು' ಪೋರ್ಟಲ್ ತೆರೆಯಿತು. ದುರಸ್ತಿ ಸೂಚ್ಯಂಕ ಕುರಿತ ಸಮಿತಿ 2025ರ ಮೇನಲ್ಲಿ ವರದಿ ಸಲ್ಲಿಸಿತಾದರೂ ಅದರ ಮೊದಲ ಗಮನ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳ ಮೇಲೆ. ಫ್ರಾನ್ಸ್‌ನಲ್ಲಾದರೋ 2021ರಿಂದಲೇ ಲ್ಯಾಪ್‌ಟಾಪ್‌ಗಳ ಮೇಲೂ ದುರಸ್ತಿ ಅಂಕ ನಮೂದಿಸುವುದು ಕಡ್ಡಾಯ.

ಅಂತಹ ಅಂಕ ಇಲ್ಲಿನ ಪೆಟ್ಟಿಗೆಗಳ ಮೇಲೆ ಬರುವವರೆಗೆ ಗ್ರಾಹಕರೇ ಕೇಳಬೇಕು: ಮೆಮೊರಿ ಬೆಸೆದದ್ದೋ, ಸ್ಲಾಟ್ ಇದೆಯೋ? ಎಸ್‌ಎಸ್‌ಡಿ ಬಿಚ್ಚಬಹುದೇ? ಬ್ಯಾಟರಿಯನ್ನು ಹಿಡಿದಿರುವುದು ಸ್ಕ್ರೂವೋ, ಅಂಟೋ? 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಬೆಲೆ ವಿಪರೀತ ಏರಿದಾಗ ಈ ಪ್ರಶ್ನೆಯ ತೂಕ ತಿಳಿಯಿತು. ಸ್ಲಾಟ್ ಇದ್ದ ಯಂತ್ರ ಕೊಂಡವರು ಸದ್ಯಕ್ಕೆ 8 ಜಿಬಿಯಲ್ಲಿ ಸುಧಾರಿಸಿಕೊಂಡು ಬೆಲೆ ಇಳಿಯಲೆಂದು ಕಾಯಬಹುದಿತ್ತು. ಬೆಸೆದದ್ದನ್ನು ಆಯ್ದುಕೊಂಡವರು ಮುಂದಿನ ನಾಲ್ಕು ವರ್ಷಕ್ಕೆ ಬೇಕಾದ ಮೆಮೊರಿಯನ್ನು ಅಂದಿನ ಬೆಲೆಗೇ ಕೊಳ್ಳಬೇಕಾಗಿತ್ತು.