ನಿಮಗಿದು ಗೊತ್ತೇ? ಅಮ್ಮನ ನಂಬರು 92

ಸರ್ಕಾರದ ಕಡತದಲ್ಲಿ ನಿಮ್ಮ ಅಮ್ಮನಿಗೊಂದು ನಂಬರಿದೆ, ಗೊತ್ತೇ? ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆಯ್ದ ಮನೆಗಳಿಗೆ ಬಂದು ಯಾರಿಗೆ ಏನು ಕೆಲಸ ಎಂದು ಬರೆದುಕೊಳ್ಳುವಾಗ ಒಬ್ಬೊಬ್ಬರಿಗೂ ಒಂದು ಕೋಡ್ ಹಾಕುತ್ತಾರೆ. ಬರೀ ಮನೆಗೆಲಸ ಮಾಡುವವರಿಗೆ 92. ಅದರ ಜೊತೆಗೆ ಸೌದೆ, ಸೊಪ್ಪು, ದನಕ್ಕೆ ಮೇವು ತಂದರೆ, ಇಲ್ಲವೇ ಮನೆಯವರ ಬಟ್ಟೆ ಹೊಲಿದರೆ 93. ಒಂಥರಾ ಬಡ್ತಿ! ಆದರೆ 92 ಆಗಲಿ 93 ಆಗಲಿ, ಇಬ್ಬರೂ ದುಡಿಯುವ ಪಡೆಯ ಹೊರಗಿನವರೇ. ಪಕ್ಕದ 94ರಲ್ಲಿ ಪಿಂಚಣಿದಾರರು ಕೂತಿದ್ದಾರೆ.

2011ರ ಜನಗಣತಿಯಲ್ಲಿ ‘ನನ್ನ ಮುಖ್ಯ ಕೆಲಸ ಮನೆಗೆಲಸ’ ಎಂದು ಬರೆಸಿದ ಹೆಂಗಸರು ಸುಮಾರು 16 ಕೋಟಿ. ಹಾಗೆ ಬರೆಸಿದ ಗಂಡಸರೂ ಇದ್ದರು. ಸುಮಾರು 58 ಲಕ್ಷ.

ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಇಡೀ ದೇಶದಲ್ಲಿ ಮೊದಲ ಸಲ ಲೆಕ್ಕ ಹಾಕಿದ್ದು 2019ರಲ್ಲಿ. ಮನೆಗೆಲಸಕ್ಕೆ ಕೈಹಾಕುವ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ ಹಿಡಿಯುತ್ತಿತ್ತು, ಗಂಡಸರಿಗೆ 97 ನಿಮಿಷ. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹೆಂಗಸರದು 289ಕ್ಕೆ ಇಳಿದಿತ್ತು. ಹಾಗಾದರೆ ಗಂಡಸರು ಹೆಗಲು ಕೊಟ್ಟರೆ? ಅವರದೂ 88ಕ್ಕೆ ಇಳಿದಿತ್ತು!

ಈ ‘ಗಂಡಸರ ಸರಾಸರಿ’ಯಲ್ಲೂ ಒಂದು ಕಿತಾಪತಿ ಇದೆ. ಅದು ಎಲ್ಲ ಗಂಡಸರದಲ್ಲ, ಆ ದಿನ ಮನೆಗೆಲಸ ಮಾಡಿದವರದು ಮಾತ್ರ. 2019ರಲ್ಲಿ ಹಾಗೆ ಮಾಡಿದವರು 100ಕ್ಕೆ 26 ಮಂದಿ. ಉಳಿದವರು ಪೇಪರ್ ಓದುತ್ತಿದ್ದರೆಂದು ನಾನು ಹೇಳುತ್ತಿಲ್ಲ.

ಈ 24 ಗಂಟೆಯ ಸಮೀಕ್ಷೆಯ ಕ್ರಮ ಕೇಳಿ. ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು 4ರವರೆಗಿನ ಹೊತ್ತನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ, ಯಾವ ತುಂಡಿನಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ. ಒಂದು ತುಂಡಿನಲ್ಲಿ ಹೆಚ್ಚೆಂದರೆ ಮೂರು ಕೆಲಸ, ಅದೂ 10 ನಿಮಿಷವಾದರೂ ನಡೆದದ್ದು. ಈಗ ನಮ್ಮ ಮನೆಯ ಆರೂವರೆಯಿಂದ ಏಳನ್ನು ತೆಗೆದುಕೊಳ್ಳಿ. ಒಂದು ಒಲೆಯಲ್ಲಿ ಹಾಲು, ಇನ್ನೊಂದರಲ್ಲಿ ದೋಸೆಯ ಕಾವಲಿ. ನಡುವೆ ಕಾಲುಚೀಲದ ಜೋಡಿ ಹುಡುಕಬೇಕು, ತಾತನ ಬಿಪಿ ಮಾತ್ರೆ ಕೈಗಿಡಬೇಕು, ನೀರು ಬಂತೆಂದು ಮೋಟಾರ್ ಹಾಕಬೇಕು, ಟ್ಯಾಂಕ್ ತುಂಬಿ ಸುರಿಯುವ ಮೊದಲು ಆರಿಸಬೇಕು, ಸೊಪ್ಪಿನವಳನ್ನು ಕೂಗಿ ನಿಲ್ಲಿಸಬೇಕು. ಯಾವುದೂ ಹತ್ತು ನಿಮಿಷ ಮುಟ್ಟುವುದಿಲ್ಲ. ‘ಅಡುಗೆ’ ಎಂದು ಒಂದೇ ಪದ ಬರೆದುಕೊಂಡು ಮುಂದೆ ಹೋಗಬೇಕಷ್ಟೆ. ಹಾಲು ಉಕ್ಕಲಿಲ್ಲ ಎನ್ನುವುದಕ್ಕೆ ಯಾವ ಕೋಡೂ ಇಲ್ಲ.

ಬಾವಿಯಿಂದ ಹೊತ್ತು ತಂದ ನೀರು, ದೇಶದ ವರಮಾನ ಅಳೆಯುವ ಅಂತರರಾಷ್ಟ್ರೀಯ ನಿಯಮದಲ್ಲಿ ‘ಉತ್ಪಾದನೆ’. ಅದೇ ನೀರಿನಲ್ಲಿ ಮಾಡಿದ ಸಾರು ಅಲ್ಲ.

ಡಬ್ಬಿಯ ಹಾಲುಪುಡಿ ಜಿಡಿಪಿಗೆ ಸೇರುತ್ತದೆ, ಎದೆಹಾಲು ಸೇರುವುದಿಲ್ಲ.

ಈ ಎಡವಟ್ಟು ಹೊಸದೇನಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಇದನ್ನು ಎತ್ತಿ ತೋರಿಸಿದ್ದ. ಸಂಬಳಕ್ಕಿದ್ದ ಕೆಲಸದಾಕೆಯನ್ನು ಮನೆಯ ಯಜಮಾನ ಮದುವೆಯಾದರೆ ದೇಶದ ವರಮಾನ ಇಳಿಯುತ್ತದೆ ಎಂದ. ಅದೇ ಒಲೆ, ಅದೇ ಪೊರಕೆ, ನಿಂತದ್ದು ಸಂಬಳವೊಂದೇ.

ಇನ್ನು, ನಮ್ಮ ದೇಶದಲ್ಲಿ ಗೃಹಿಣಿಯ ಕೆಲಸಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟುವ ಜಾಗ ಯಾವುದು ಗೊತ್ತೇ? ಹೆಚ್ಚಾಗಿ ಕೋರ್ಟು, ಅದರಲ್ಲೂ ಅಪಘಾತ ಪರಿಹಾರದ ಕೇಸು. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ಜಮ್‌ಶೆಟ್‌ಜಿ ಟಾಟಾ ಜನ್ಮದಿನದ ಸಮಾರಂಭಕ್ಕೆ ಬೆಂಕಿ ಬಿದ್ದು ಹಲವು ಹೆಂಗಸರು, ಮಕ್ಕಳು ತೀರಿಕೊಂಡರು. ಆ ಕೇಸಿನಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಸೇವೆಯ ಬೆಲೆ ತಿಂಗಳಿಗೆ 3,000 ರೂಪಾಯಿ ಎಂದು ಹಿಡಿದು ಪರಿಹಾರ ಲೆಕ್ಕ ಹಾಕಿಸಿತು. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ, ಈಗ ಜಾರಿಯಲ್ಲಿಲ್ಲದ ಪಟ್ಟಿಯದು ಇನ್ನೂ ಸುಲಭದ ಸೂತ್ರವಾಗಿತ್ತು: ಹೆಂಡತಿಯ ಬೆಲೆ ಗಂಡನ ಆದಾಯದ ಮೂರನೇ ಒಂದು ಭಾಗ. ಅಂದರೆ ಅದೇ ಬೀದಿಯ ಎರಡು ಮನೆಗಳಲ್ಲಿ ಅದೇ ಮುದ್ದೆ, ಅದೇ ಮುಸುರೆ. ಒಂದು ಮನೆಯ ಯಜಮಾನ ಬ್ಯಾಂಕ್ ಮ್ಯಾನೇಜರ್, ಇನ್ನೊಂದು ಮನೆಯವನು ಪ್ಯೂನ್ ಆದರೆ ಇಬ್ಬರು ಹೆಂಗಸರ ಬೆಲೆಯೂ ಬೇರೆ ಬೇರೆಯಾಗುತ್ತಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಸಂಗತಿಯನ್ನು ಬಯಲಿಗೆಳೆದು ಬೇಸರ ಪಟ್ಟುಕೊಂಡಿತು. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಜೊತೆ ಒಂದೇ ಗುಂಪಿಗೆ ಹಾಕಿದ್ದರು. 2024ರ ಫೆಬ್ರವರಿಯಲ್ಲಿ ಬಂದ ಅದೇ ಕೋರ್ಟಿನ ತೀರ್ಪು, ಸಂಬಳ ತರುವವರಿಗಿಂತ ಗೃಹಿಣಿ ಏನೂ ಕಮ್ಮಿಯಲ್ಲ ಎಂದಿತು. ಅದೂ 2006ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಕೇಸು.

ಸಾವಿನ ಲೆಕ್ಕವಲ್ಲದ ಒಂದು ತೀರ್ಪೂ ಇದೆ. ಗಂಡ ಹೊರದೇಶದಲ್ಲಿ ದುಡಿದ, ಹೆಂಡತಿ ಇಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಳು. ಆ ದುಡ್ಡಿನಲ್ಲಿ ಕೊಂಡ ಆಸ್ತಿಯಲ್ಲಿ ಅವಳಿಗೂ ಸಮಪಾಲು ಎಂದದ್ದು ಮದ್ರಾಸ್ ಹೈಕೋರ್ಟ್, 2023ರಲ್ಲಿ.

ಬದುಕಿದ್ದಾಗಲೇ ಬೆಲೆ ತೋರಿಸಿಕೊಡುವ ಇನ್ನೊಂದು ದಾರಿಯನ್ನು ಐಸ್‌ಲ್ಯಾಂಡಿನ ಹೆಂಗಸರು ಹಿಡಿದರು. 1975ರ ಅಕ್ಟೋಬರ್ 24ರಂದು ಅಲ್ಲಿನ ನೂರಕ್ಕೆ ತೊಂಬತ್ತರಷ್ಟು ಹೆಂಗಸರು ಆಫೀಸಿಗೂ ಹೋಗಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡೇ ಕೆಲಸಕ್ಕೆ ಬಂದರು. ಸುಲಭವಾಗಿ ಬೇಯುತ್ತದೆಂದು ಎಲ್ಲರೂ ಸಾಸೇಜ್ ಕೊಳ್ಳಲು ನುಗ್ಗಿ ಅಂಗಡಿಗಳಲ್ಲಿ ಸಾಸೇಜೇ ಖಾಲಿ. ನಮ್ಮಲ್ಲಾದರೆ ಬಹುಶಃ ಬ್ರೆಡ್ಡು, ನೂಡಲ್ಸ್, ಮೂಲೆಯ ದರ್ಶಿನಿಯ ಇಡ್ಲಿ ಖಾಲಿಯಾಗುತ್ತಿದ್ದವು.

ಚರಿತ್ರೆಯ ಲೆಕ್ಕವೂ ಹೀಗೇ. ಒನಕೆ ಓಬವ್ವ ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿಗೆ ಹೋದದ್ದು ಊಟಕ್ಕೆ ಕೂತ ಗಂಡನಿಗೆ ನೀರು ತರಲು. ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಬಡಿಯಲು ಕೈಗೆ ಒನಕೆ ಸಿಕ್ಕಿತು, ಏಕೆಂದರೆ ಮನೆಯಲ್ಲಿ ಒನಕೆ ಇತ್ತು. ಅದರ ಒಂದು ದಿನದ ಕೆಲಸ ಮಾತ್ರ ಚರಿತ್ರೆಗೆ ಸೇರಿದೆ.

ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ತಂದವರು ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು. ಗೆಳೆಯರ ಹೆಸರು ನಮಗೆ ಗೊತ್ತು: ಮಧುರಚೆನ್ನ, ಸಿಂಪಿ ಲಿಂಗಣ್ಣ. ಹಾಡು ಕಟ್ಟಿದವರು ಹಿಟ್ಟು ಎತ್ತಿಕೊಂಡು ಒಳಗೆ ಹೋದರು.

ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅಡುಗೆ ಮಾಡುವ ಅಮ್ಮಂದಿರ ಕಡೆಗೆ ವಿಜ್ಞಾನಿಗಳು ತಿರುಗಿ ನೋಡಿದ್ದೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಸೌದೆ ಉಳಿಸಿತು, ಚಿಮಣಿಯ ಮೂಲಕ ಹೊಗೆಯನ್ನು ಹೊರಗೆ ಕಳಿಸಿತು. ಹಳ್ಳಿಯ ಹಳೆಯ ಮನೆಗಳಲ್ಲಿ ಆ ಹೆಸರು ಹೇಳಿ ನೋಡಿ, ಅಜ್ಜಿಯರಿಗೆ ಈಗಲೂ ನೆನಪಿರುತ್ತದೆ.

ಅಮ್ಮಂದಿರ ದಿನವನ್ನು ಶುರುಮಾಡಿಸಿದ ಅಮೆರಿಕದ ಆನಾ ಜಾರ್ವಿಸ್‌ಗೆ ಮಕ್ಕಳಿರಲಿಲ್ಲ. ಆ ದಿನ ಹೂವು, ಕಾರ್ಡುಗಳ ಸಂತೆಯಾದದ್ದನ್ನು ಕಂಡು, ತಾನೇ ತಂದ ಆಚರಣೆಯ ವಿರುದ್ಧ ಕೊನೆಯವರೆಗೂ ಜಗಳವಾಡಿದಳು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಇದು ಸಂಬಳವಲ್ಲ, ಸಂಬಳವೆಂದು ಯಾರೂ ಹೇಳಿಯೂ ಇಲ್ಲ. ಆದರೂ ಕೈ ಸುಮ್ಮನಿರದೆ ಕ್ಯಾಲ್ಕುಲೇಟರ್ ಒತ್ತಿದೆ: ದಿನಕ್ಕೆ 289 ನಿಮಿಷ, ತಿಂಗಳಿಗೆ 30 ದಿನ, ರಜೆಯಿಲ್ಲ. ಗಂಟೆಗೆ 14 ರೂಪಾಯಿಗೂ ಕಡಿಮೆ ಬಂತು.

ಈ ಅಂಕಣಕ್ಕೆಂದು ಸಮೀಕ್ಷೆಯವರಂತೆ ನಾನೂ ಪುಸ್ತಕ, ಪೆನ್ನು ಹಿಡಿದು ಅಮ್ಮನ ಮುಂದೆ ಕೂತೆ. ನಿನ್ನೆ ಬೆಳಗಿನ ಜಾವ ನಾಲ್ಕರಿಂದ ಹೇಳು ಅಂದೆ. ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಲೇ ಹೇಳುತ್ತ ಹೋದಳು. ಎರಡು ಪುಟ ತುಂಬುವಷ್ಟರಲ್ಲಿ ಇನ್ನೂ ಬೆಳಗಿನ ಏಳೂವರೆ. ಅಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ಇದನ್ನೆಲ್ಲ ಕೂತ್ಕೊಂಡು ಬರ್ಕೋತಿದ್ದೀಯಲ್ಲ, ನಿನಗೇನೂ ಕೆಲಸ ಇಲ್ವಾ?”